ನಮ್ಮ ಭಾವ ಓಡಿರಲಿಲ್ಲ

ಅಭಿಪ್ರಾಯ ಹೇಳುವುದರಲ್ಲಿ ನಾನು ಬಹಳ ಹಿಂದುಳಿದವನು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಒಗ್ಗರಣೆ ಮಂಡಕ್ಕಿ ಹೇಗಿದೆ ಎಂದು ಯಾರಾದರೂ ಕೇಳಿದರೆ ಪ್ಲೇಟು ಖಾಲಿಯಾಗುವವರೆಗೆ ನನ್ನಿಂದ ಉತ್ತರ ಬರುವುದಿಲ್ಲ. ಮೊದಲ ತುತ್ತಿಗೆ ಖಾರ ಎನಿಸಿದ್ದು ಕೊನೆಯ ತುತ್ತಿಗೆ ಹುಳಿ ಎನಿಸಿದರೆ ಏನು ಮಾಡುವುದು? ಇದು ಹುಟ್ಟುಗುಣವಲ್ಲ, ಕಸುಬು ಕಲಿಸಿದ್ದು. ಸಂಡೂರಿನ ಕಡೆಯ ಅದಿರಿನ ಯಾರ್ಡೊಂದರಲ್ಲಿ ಲಾರಿಗಳನ್ನು ತೂಗುವ ಕೆಲಸ ನನ್ನದು. ಲಾರಿ ಬಂದು ಕಾಟಾದ ಮೇಲೆ ನಿಂತಾಗ ಪರದೆಯ ಮೇಲಿನ ಅಂಕಿಗಳು ಸ್ವಲ್ಪ ಹೊತ್ತು ಕುಣಿಯುತ್ತವೆ. ಡ್ರೈವರ್ ಬಾಗಿಲು ತೆಗೆದರೆ ಒಂದು ಅಂಕಿ, ಕ್ಲೀನರ್ ಕೆಳಗಿಳಿದರೆ ಇನ್ನೊಂದು. ಅವೆಲ್ಲ ಸುಮ್ಮನಾಗುವವರೆಗೆ ಗುಂಡಿ ಒತ್ತಬಾರದು. ಹಾಗೆ ಕಾದು ಕಾದು ನನ್ನ ನಾಲಿಗೆಗೂ ಅದೇ ಅಭ್ಯಾಸ ಹತ್ತಿಬಿಟ್ಟಿದೆ. "ಸೀರಿ ಹೆಂಗೈತಿ ಅಂತ ಇವ್ರನ್ನ ಕೇಳಿದ್ರ, ಇವ್ರು ಹೇಳೋದ್ರಾಗ ಅದು ಹರಿದು ನೆಲ ಒರಸೋ ಬಟ್ಟಿ ಆಗಿರ್ತೈತಿ" ಎಂದು ನನ್ನ ಹೆಂಡತಿ ಹಂಪಮ್ಮ ಬಂದವರ ಮುಂದೆಲ್ಲ ಹೇಳುತ್ತಾಳೆ. ಅದರಲ್ಲಿ ಉತ್ಪ್ರೇಕ್ಷೆ ಇದೆ. ಎಷ್ಟಿದೆ ಎಂದು ಇನ್ನೂ ಯೋಚಿಸುತ್ತಿದ್ದೇನೆ.

ಇಂಥ ನಾನು ಕಳೆದ ತಿಂಗಳು ಒಂದು ಸಿನಿಮಾದ ಬಗ್ಗೆ, ಥಿಯೇಟರಿನ ಬಾಗಿಲಲ್ಲಿ, ಮೈಕಿನ ಮುಂದೆ ಅಭಿಪ್ರಾಯ ಹೇಳಿದೆ. ಆಮೇಲೆ ಆದದ್ದರ ಲೆಕ್ಕ ನನಗಿನ್ನೂ ಪೂರ್ತಿ ಹತ್ತಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ, ಅವಸರವಿಲ್ಲದೆ ಬರೆಯುತ್ತೇನೆ.

ಕಡ್ಡಿರಾಂಪುರದ ರಸ್ತೆಗೆ ಹತ್ತಿಕೊಂಡು ನಾವೊಂದು ಎರಡು ಕೋಣೆಯ ಮನೆ ಕಟ್ಟಿಸಿದ್ದೆವು. ಶುಕ್ರವಾರ ಬೆಳಿಗ್ಗೆ ಗೃಹಪ್ರವೇಶವೆಂದು ನಿಶ್ಚಯವಾಗಿತ್ತು. ಹಂಪಮ್ಮನ ಮನೆತನದಲ್ಲಿ ಒಂದು ಪದ್ಧತಿ ಇದೆ. ಹೊಸ ಮನೆಯ ಹೊಸಿಲನ್ನು ಹೆಣ್ಣುಮಗಳು ತವರಿನ ಸೀರೆ ಉಟ್ಟೇ ದಾಟಬೇಕು. ಆ ಸೀರೆಯನ್ನು ಅಣ್ಣನಾದವನು ತಾನೇ ತಂದು ಉಡಿಗೆ ಹಾಕಬೇಕು. ಬೇರೆಯವರ ಕೈಯಲ್ಲಿ ಕಳಿಸುವಂತಿಲ್ಲ, ಕೊರಿಯರ್ ಅಂತೂ ಇಲ್ಲವೇ ಇಲ್ಲ. ಆಕೆಯ ಚಿಕ್ಕಮ್ಮ ಒಬ್ಬರು, ಅಣ್ಣ ಮುನಿಸಿಕೊಂಡು ಬರಲಿಲ್ಲವೆಂದು, ಹೊಸ ಮನೆ ಕಟ್ಟಿಸಿಯೂ ಎರಡು ವರ್ಷ ಅದರ ಎದುರಿನ ಬಾಡಿಗೆ ಮನೆಯಲ್ಲೇ ಕೂತಿದ್ದರಂತೆ. ದಿನಾ ಬೆಳಿಗ್ಗೆ ಹೊಸ ಮನೆಯ ಅಂಗಳಕ್ಕೆ ಬಂದು ನೀರು ಹಾಕಿ ರಂಗೋಲಿ ಬಿಟ್ಟು ಮತ್ತೆ ಬಾಡಿಗೆ ಮನೆಗೆ ಹೋಗುತ್ತಿದ್ದರಂತೆ. ಈ ಕಥೆಯನ್ನು ಹಂಪಮ್ಮ ನನಗೆ ಪಾಯ ತೋಡಿದ ದಿನವೇ ಹೇಳಿದ್ದಳು. ಹೇಳಿದ ಧಾಟಿಯಲ್ಲಿ ಚಿಕ್ಕಮ್ಮನ ಬಗ್ಗೆ ಅನುಕಂಪಕ್ಕಿಂತ ಹೆಮ್ಮೆಯೇ ಹೆಚ್ಚಿತ್ತು.

ಹಂಪಮ್ಮನಿಗಿರುವುದು ಒಬ್ಬರೇ ಅಣ್ಣ, ಕಂಪ್ಲಿಯ ವಿರುಪಣ್ಣ ಭಾವ. ಇಪ್ಪತ್ತು ವರ್ಷ ಏರ್‌ಫೋರ್ಸಿನಲ್ಲಿದ್ದು ನಿವೃತ್ತರಾಗಿ ಬಂದವರು. ಮೀಸೆ, ನಡಿಗೆ, ಚಹಾ ಕುಡಿಯುವ ಹೊತ್ತು ಎಲ್ಲವೂ ಶಿಸ್ತು. ಕಂಪ್ಲಿಯ ಜನ ಅವರನ್ನು ಪೈಲಟ್ ಸಾಹೇಬರು ಎನ್ನುತ್ತಾರೆ. ಆದರೆ ಅವರು ವಿಮಾನ ಹಾರಿಸಿದವರಲ್ಲ. ವಿಮಾನ ಬಂದು ನಿಂತಾಗ ಗಾಲಿ ಉರುಳದಂತೆ ಹಿಂದೆ ಮುಂದೆ ಅಡ್ಡಗಟ್ಟೆ ಇಡುವುದು, ಹೊರಡುವಾಗ ಅದನ್ನು ತೆಗೆಯುವುದು, ಇದು ಅವರ ಕೆಲಸ. ನಮ್ಮ ಲಾರಿಯ ಕ್ಲೀನರ್ ಇದನ್ನೇ ಒಂದು ಕಲ್ಲಿನಿಂದ ಮಾಡುತ್ತಾನೆ. ಇದು ಮನೆಯವರಿಗೆಲ್ಲ ಗೊತ್ತು. ಭಾವ ಯಾರಿಗೂ ಸುಳ್ಳು ಹೇಳಿದವರೂ ಅಲ್ಲ. ನಿವೃತ್ತರಾಗಿ ಬಂದ ದಿನ ಬಸ್‌ಸ್ಟ್ಯಾಂಡಿನಲ್ಲಿ ಯಾರೋ "ಬಂದ್ರು ನೋಡ್ರಿ ನಮ್ಮೂರ ಪೈಲಟ್ ಸಾಹೇಬ್ರು" ಎಂದರಂತೆ. ಭಾವ ಬಸ್ಸಿನ ಮೇಲಿಂದ ಟ್ರಂಕು ಇಳಿಸಿಕೊಂಡು ಬಾಯಿ ತೆಗೆಯುವಷ್ಟರಲ್ಲಿ ಆ ಹೆಸರು ಪೇಟೆ ಮುಟ್ಟಿಬಿಟ್ಟಿತ್ತು. ಆಮೇಲೆ ಅವರು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಮದುವೆ ಮನೆಗಳಲ್ಲಿ ಯಾರಾದರೂ "ಮೋಡದಾಗ ಹೆಂಗಿರ್ತೈತ್ರಿ?" ಎಂದು ಕೇಳಿದರೆ ಗಂಭೀರವಾಗಿ ಕೈ ತೊಳೆಯಲು ಎದ್ದು ಹೋಗುತ್ತಿದ್ದರು.

ಗೃಹಪ್ರವೇಶಕ್ಕೆ ಆರು ದಿನ ಇರುವಾಗ, ಶನಿವಾರ, ಭಾವ ಸೀರೆ ಆರಿಸಲು ಹೊಸಪೇಟೆಗೆ ಬಂದರು. ಸೀರೆ ತೆಗೆದುಕೊಂಡದ್ದಾಯಿತು, ಊಟವಾಯಿತು. ಕಂಪ್ಲಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಭಾವನನ್ನು ಸಂತೋಷಪಡಿಸಿ ಕಳಿಸಬೇಕೆಂದು ನಾನು ಸಿನಿಮಾಕ್ಕೆ ಹೋಗೋಣವೆಂದೆ. ಥಿಯೇಟರಿನ ಮುಂದೆ ಆಳೆತ್ತರದ ಪೋಸ್ಟರು: ಹೊಗೆಯ ನಡುವೆ ಯುದ್ಧವಿಮಾನ, ಅದರ ಮುಂದೆ ಕಪ್ಪು ಕನ್ನಡಕ ಹಾಕಿ ಎದೆಯ ಮೇಲೆ ಕೈ ಕಟ್ಟಿ ನಿಂತ ಐದು ಜನ. ದೇಶಭಕ್ತಿಯ ಸಿನಿಮಾ ಎಂದು ನನಗನಿಸಿತು. ಪೋಸ್ಟರನ್ನು ನಾನು ಸರಿಯಾಗಿ ನೋಡಲಿಲ್ಲವೆಂದು ಹಂಪಮ್ಮ ಈಗ ಹೇಳುತ್ತಾಳೆ. ಅದು ಸುಳ್ಳು. ಪೂರ್ತಿ ನೋಡಿದೆ. ವಿಮಾನದ ಮೂತಿಗೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿ ಕಟ್ಟಿದ್ದೂ ಕಂಡಿತು. ಸಿನಿಮಾಕ್ಕೆ ದೃಷ್ಟಿಯಾಗದಿರಲೆಂದು ಥಿಯೇಟರಿನವರು ಪೋಸ್ಟರಿಗೆ ಕಟ್ಟಿದ್ದಾರೆಂದುಕೊಂಡೆ. ಚಿತ್ರದೊಳಗಿನ ನಿಂಬೆಹಣ್ಣು ಯಾವುದು, ಹೊರಗಿನದು ಯಾವುದು ಎಂದು ಮುಟ್ಟಿ ನೋಡುವಷ್ಟು ಹತ್ತಿರ ಹೋಗಲಿಲ್ಲ. ನನ್ನಿಂದಾದ ತಪ್ಪು ಅಷ್ಟೇ.

ಸಿನಿಮಾ ಶುರುವಾಗಿ ಹತ್ತು ನಿಮಿಷ ಎಲ್ಲ ಸರಿಯಿತ್ತು. ಭಾವ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಶತ್ರು ವಿಮಾನಗಳು ಬರುತ್ತಿವೆ ಎಂದು ಸೈರನ್ ಕೂಗಿತು. ಐವರು ನಾಯಕರು ಕಪ್ಪು ಕನ್ನಡಕ ಹಾಕಿ ವಿಮಾನಗಳ ಕಡೆ ನಿಧಾನವಾಗಿ, ಹಿನ್ನೆಲೆ ಸಂಗೀತದೊಂದಿಗೆ ನಡೆಯತೊಡಗಿದರು. ನಡೆದರು, ನಡೆದರು. ಅಷ್ಟು ಹೊತ್ತಿಗೆ ಶತ್ರುಗಳು ಬಂದು, ಬಾಂಬು ಹಾಕಿ, ಊಟ ಮಾಡಿ, ವಾಪಸು ಹೋದರು. ಇವರಿನ್ನೂ ಅರ್ಧ ದಾರಿಯಲ್ಲಿದ್ದರು. ಥಿಯೇಟರು ನಕ್ಕಿತು. ನಾನು ಓರೆಗಣ್ಣಿನಿಂದ ಭಾವನ ಕಡೆ ನೋಡಿದೆ. ಅವರ ಮುಖದ ಮೇಲೆ ಪರದೆಯ ಬೆಳಕು ಬಿಟ್ಟರೆ ಬೇರೇನೂ ಇರಲಿಲ್ಲ. ಮುಂದೆ ಒಬ್ಬ ಪೈಲಟ್ ಆಕಾಶದಲ್ಲಿ ಕಿಟಕಿ ಇಳಿಸಿ, ಪಕ್ಕದ ಶತ್ರು ವಿಮಾನದವನನ್ನು ದಾರಿ ಕೇಳಿದ. ಅವನು ಎಡಕ್ಕೆ ಕೈ ತೋರಿಸಿದ. ಇವನು ನಮಸ್ಕಾರ ಮಾಡಿ ಹೋದ. ನಾನು ಅಂಗಿಯ ಗುಂಡಿಯೊಂದನ್ನು ಬಿಗಿಯಾಗಿ ಹಿಡಿದುಕೊಂಡೆ.

ಆಮೇಲೆ ಅಡ್ಡಗಟ್ಟೆಯ ಮನುಷ್ಯ ಬಂದ. ಗಟ್ಟೆ ಇಡಲು ಹೋದಾಗ ವಿಮಾನ ಹಾರಿಬಿಡುತ್ತದೆ. ಇವನು ಗಟ್ಟೆ ಹಿಡಿದುಕೊಂಡು ಅದರ ಹಿಂದೆ ಓಡುತ್ತಾನೆ. ಗದ್ದೆಯಲ್ಲಿ ಓಡುತ್ತಾನೆ, ಸಂತೆಯಲ್ಲಿ ಓಡುತ್ತಾನೆ, ಹರಿಗೋಲಿನಲ್ಲಿ ಕೂಡದೆ ನಿಂತಲ್ಲೇ ಓಡುತ್ತ ಹೊಳೆ ದಾಟುತ್ತಾನೆ. ಕೊನೆಗೆ ಶತ್ರು ದೇಶದಲ್ಲಿ ವಿಮಾನ ಇಳಿಯುವ ಹೊತ್ತಿಗೆ ಸರಿಯಾಗಿ ತಲುಪಿ, ಗಾಲಿಗೆ ಗಟ್ಟೆ ಇಟ್ಟು, ಬೆವರು ಒರಸಿಕೊಂಡು ಸಲ್ಯೂಟ್ ಹೊಡೆಯುತ್ತಾನೆ. ನನಗೆ ನಗು ಮೊದಲು ಮೂಗಿನಿಂದ ಬಂತು, ಆಮೇಲೆ ಕಣ್ಣಿನಿಂದ. ಗುಂಡಿ ಕಿತ್ತು ಕೈಗೆ ಬಂತು.

ಹೊರಗೆ ಬಂದಾಗ ಭಾವ ಕೈಯಲ್ಲಿದ್ದ ಸೀರೆಯ ಚೀಲ ಹಿಡಿದುಕೊಂಡೇ ಬಾತ್‌ರೂಮಿನ ಕಡೆ ಹೋದರು. ಮೆಟ್ಟಿಲ ಹತ್ತಿರ ಒಬ್ಬ ಯುವತಿ ಮೈಕು ಹಿಡಿದು, ಬಂದವರನ್ನೆಲ್ಲ ನಿಲ್ಲಿಸಿ ಸಿನಿಮಾ ಹೇಗಿದೆಯೆಂದು ಕೇಳುತ್ತಿದ್ದಳು. ಅವಳ ಜೊತೆಗಾರ ಮೊಬೈಲಿನಲ್ಲಿ ತೆಗೆಯುತ್ತಿದ್ದ. ಜನರ ಅಭಿಪ್ರಾಯಗಳನ್ನು ನಾನು ಬೆರಗಿನಿಂದ ಕೇಳುತ್ತ ನಿಂತೆ. "ಸೂಪರ್ ರೀ, ಪೈಸಾ ವಸೂಲ್!" ಎಂದು ಒಬ್ಬ ನಿಲ್ಲದೆ ಹೇಳಿ ಹೋದ. "ಭಾಳ ಚಲೋ ಐತ್ರಿ, ಎ.ಸಿ. ಮಸ್ತ್ ಐತಿ, ನಿದ್ದಿ ಬಂತು" ಎಂದರು ಕಬ್ಬಿನ ಲೋಡು ಇಳಿಸಿ ಬಂದಿದ್ದ ರೈತರೊಬ್ಬರು. "ಕಥಿ ಇಲ್ರಿ. ಆದ್ರ ಕಥಿ ಇದ್ದಿದ್ರ ಇಷ್ಟು ನಗು ಬರ್ತಿದ್ದಿಲ್ಲ" ಎಂದಳು ಒಬ್ಬ ಕಾಲೇಜಿನ ಹುಡುಗಿ. ಒಬ್ಬ ಹೆಂಗಸು ಗಂಡನ ಕಡೆ ಕೈ ತೋರಿಸಿ, "ಇವ್ರು ಮದುವಿ ಆದಾಗಿಂದ ನಕ್ಕಿದ್ದಿಲ್ರಿ, ಇವತ್ತು ನಕ್ರು. ಅಷ್ಟ ಸಾಕು ನನಗ" ಎಂದಳು. ಇಷ್ಟು ಬೇಗ ಇವರಿಗೆಲ್ಲ ಅಂಕಿ ನಿಂತದ್ದು ಹೇಗೆ ಎಂದು ಯೋಚಿಸುತ್ತಿರುವಾಗಲೇ ಮೈಕು ನನ್ನ ಮುಂದೆ ಬಂತು.

"ಸಾರ್, ನಿಮಗ ಹೆಂಗನಿಸ್ತ್ರಿ?"

ಎಲ್ಲರಂತೆ ಸೂಪರ್ ಎಂದು ಹೋಗಬಹುದಿತ್ತು. ನಾನು ಗಂಟಲು ಸರಿಮಾಡಿಕೊಂಡೆ. ಒಟ್ಟು ನಾಲ್ಕು ನಿಮಿಷ ಮಾತಾಡಿದೆ. ಮೊದಲರ್ಧದಲ್ಲಿ ನನಗೆ ಏಳು ಸಲ ನಗು ಬಂದಿತೆಂದೂ ಎರಡನೆಯ ಅರ್ಧದಲ್ಲಿ ಲೆಕ್ಕ ತಪ್ಪಿತೆಂದೂ ಹೇಳಿದೆ. ಇಡೀ ಸಿನಿಮಾದಲ್ಲಿ ನಿಜವಾಗಿ ಕೆಲಸ ಮಾಡುವವನು ಅಡ್ಡಗಟ್ಟೆಯವನೊಬ್ಬನೇ, ಉಳಿದವರು ಕನ್ನಡಕ ಹಾಕಿ ನಡೆಯುತ್ತಾರೆ ಎಂದೆ. ಇದಕ್ಕೆ ಆಧಾರ ಕೊಡಬೇಕಲ್ಲ ಎಂದು ಕೊನೆಗೆ ಈ ಮಾತು ಸೇರಿಸಿದೆ: "ನಮ್ಮ ಭಾವ, ಕಂಪ್ಲಿ ವಿರುಪಣ್ಣ ಅಂತ, ಏರ್‌ಫೋರ್ಸ್‌ನಾಗ ಇದ ಕೆಲಸ ಮಾಡ್ತಿದ್ರು. ಹಿಂಗ ಕಟ್ಟಿಗಿ ಹಿಡಕಂಡು ಓಡ್ತಿದ್ರು." ಪೈಲಟ್ ಎಂಬ ಹೆಸರನ್ನು ನಾನು ಎತ್ತಲೇ ಇಲ್ಲ. ಅದನ್ನು ಇಂದಿಗೂ ಪ್ರಮಾಣ ಮಾಡಿ ಹೇಳಬಲ್ಲೆ.

ಭಾನುವಾರ ಬೆಳಿಗ್ಗೆ ವಿಡಿಯೋ ಬಂತು. ನನ್ನ ನಾಲ್ಕು ನಿಮಿಷದಲ್ಲಿ ಅವರು ಇಟ್ಟುಕೊಂಡಿದ್ದು ಕೊನೆಯ ಎರಡು ವಾಕ್ಯ. ಅದರ ಹಿಂದೆ ಸಿನಿಮಾದ ಓಟದ ಸಂಗೀತ, ಮೇಲೆ ಕಣ್ಣೀರು ಬರುವಂತೆ ನಗುವ ಹಳದಿ ಮುಖಗಳ ಸಾಲು. ಮಧ್ಯಾಹ್ನದ ಹೊತ್ತಿಗೆ ಕಂಪ್ಲಿಯ ಎಲ್ಲ ವಾಟ್ಸಾಪ್ ಗುಂಪುಗಳನ್ನು ಸುತ್ತಿ, ಅದು ಹಂಪಮ್ಮನ ತವರಿನ ಗುಂಪಿಗೆ ಬಂದಿಳಿಯಿತು. ಆಕೆ ಅದನ್ನು ಮೂರು ಸಲ ನೋಡಿ ಮೊಬೈಲನ್ನು ಮಡಿಲಲ್ಲಿಟ್ಟುಕೊಂಡಳು.

"ನಿಮ್ಮನ್ನ ಯಾರು ಕೇಳಿದ್ರು?"

"ಆ ಮೈಕಿನಾಕಿ ಕೇಳಿದ್ಲು."

"ಆಕಿ ಎಲ್ಲಾರ್ನೂ ಕೇಳ್ಯಾಳ. ಎಲ್ಲಾರೂ ಸೂಪರ್ ಅಂದು ಮನಿಗೆ ಹೋಗ್ಯಾರ. ಹುಟ್ಟಿದಾಗಿಂದ ಒಂದ್ ಮಾತು ನೆಟ್ಟಗ ಹೇಳದವ್ರು, ನಮ್ಮಣ್ಣನ ಮಾನ ತೆಗಿಯಾಕ ನಾಲಿಗಿ ಬಂತೇನು ನಿಮಗ?"

ಆಕೆ ಅಣ್ಣನಿಗೆ ಫೋನು ಮಾಡಿದಳು, ಎತ್ತಲಿಲ್ಲ. ಅತ್ತಿಗೆಗೆ ಮಾಡಿದಳು. "ಅವ್ರು ಭಾಳ ಜನರ ನಡುವ ಕುಂತಾರ, ಈಗ ಮಾತಾಡಂಗಿಲ್ಲ" ಎಂದು ಅತ್ತಿಗೆ ಇಟ್ಟುಬಿಟ್ಟರು. ಸೋಮವಾರವೂ ಅದೇ ಉತ್ತರ. ಹಂಪಮ್ಮ ಹೊಸ ಮನೆಗೆ ಸಾಗಿಸಲು ಕಟ್ಟಿಟ್ಟಿದ್ದ ಪಾತ್ರೆಗಳ ಚೀಲವನ್ನು ಬಿಚ್ಚಿ, ಒಂದೊಂದೇ ತೆಗೆದು ಹಳೆಯ ಕಪಾಟಿನಲ್ಲಿ ಜೋಡಿಸತೊಡಗಿದಳು. ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು. ಆ ಪಾತ್ರೆಗಳ ಸದ್ದು ಕೇಳಲಾರದೆ ನಾನು ಮಂಗಳವಾರ ರಜೆ ಹಾಕಿ ಕಂಪ್ಲಿ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಪಕ್ಕದವನು ನನ್ನನ್ನೇ ದಿಟ್ಟಿಸಿ, "ಕಟ್ಟಿಗಿ ಹಿಡಕಂಡು ಓಡ್ತಿದ್ರು ಅಂದವ್ರು ನೀವ ಅಲ್ರಿ?" ಎಂದ. ಹೌದು ಎಂದೆ. ಅವನು ಸಂತೋಷದಿಂದ ನನಗೆ ಕಿಟಕಿಯ ಸೀಟು ಬಿಟ್ಟುಕೊಟ್ಟ.

ಭಾವನ ಮನೆಯ ಮುಂದೆ ಚಪ್ಪಲಿಗಳ ರಾಶಿ ಇತ್ತು. ಹದಿನಾಲ್ಕು ಜೊತೆ ಮತ್ತು ಒಂದು ಒಂಟಿ. ಇಷ್ಟು ಚಪ್ಪಲಿಗಳು ಯಾವ ಯಾವ ಸಂದರ್ಭದಲ್ಲಿ ಒಂದು ಮನೆಯ ಮುಂದೆ ಸೇರುತ್ತವೆ ಎಂದು ಯೋಚಿಸುತ್ತ ನನ್ನ ಚಪ್ಪಲಿ ಬಿಡದೆ ನಿಂತೆ. ಒಳಗಿನಿಂದ ಭಾವನ ಗಟ್ಟಿ ದನಿ ಕೇಳಿದಾಗ ಉಸಿರು ಬಂತು. ಒಳಗಿನ ಅಂಗಳದಲ್ಲಿ ಒಂದು ಸ್ಕೂಟರು ನಿಲ್ಲಿಸಿದ್ದರು. ಭಾವ ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತು, ಬಟ್ಟೆ ಸೋಪಿನ ಎರಡು ಬಾರುಗಳನ್ನು ಗಾಲಿಯ ಹಿಂದೆ ಮುಂದೆ ಇಟ್ಟು ತೋರಿಸುತ್ತಿದ್ದರು. ಸುತ್ತ ನಿಂತವರು ಅಕ್ಕಿ ಗಿರಣಿಯ ಹಮಾಲರು, ಲಾರಿಯವರು. ಅವರ ಕಣ್ಣುಗಳಲ್ಲಿ ನಗು ಇರಲಿಲ್ಲ, ಶ್ರದ್ಧೆ ಇತ್ತು.

"ಸಾಹೇಬ್ರ, ಇಷ್ಟು ವರ್ಷ ಹೇಳಿಲ್ಲಲ್ರಿ ನೀವು," ಎನ್ನುತ್ತಿದ್ದ ಹುಸೇನಿ ಎಂಬ ಲಾರಿ ಡ್ರೈವರ್. "ನೀವು ನಮ್ಮ ಲೈನಿನವ್ರ! ಆಕಾಶದಾಗ ಇದ್ದವ್ರ ಕೂಡ ನಾವೇನು ಮಾತಾಡದು ಅಂತ ದೂರ ನಿಂತ್ಕಂಡು ನಮಸ್ಕಾರ ಹೊಡಿತಿದ್ವಿ."

"ಇಳಿಜಾರಿದ್ರ ಯಾವ ಕಡಿ ಮೊದಲು ಇಡ್ತಿದ್ರಿ?" ಎಂದ ಒಬ್ಬ ಕ್ಲೀನರ್. ಭಾವ ಅವನಿಗೆ ಸೋಪು ಸರಿಸಿ ಸರಿಸಿ ವಿವರಿಸಿದರು. ಇಷ್ಟು ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕಂಡೇ ಇರಲಿಲ್ಲ. ಮೋಡದ ಬಗ್ಗೆ ಕೇಳಿದಾಗಲೆಲ್ಲ ಕೈ ತೊಳೆಯಲು ಏಳುತ್ತಿದ್ದ ಮನುಷ್ಯ, ಗಾಲಿಯ ಬಗ್ಗೆ ಕೇಳಿದ್ದಕ್ಕೆ ಎರಡು ದಿನದಿಂದ ನೆಲ ಬಿಟ್ಟು ಎದ್ದಿರಲಿಲ್ಲ. ಹಾಗಾದರೆ ನಾನು ಮಾಡಿದ್ದು ಉಪಕಾರವೇ ಆಯಿತಲ್ಲ ಎಂದು ನನ್ನ ಎದೆ ಹಗುರಾಯಿತು. ಅಷ್ಟರಲ್ಲಿ ಭಾವ ತಲೆಯೆತ್ತಿ ನನ್ನನ್ನು ನೋಡಿದರು. ಮುಖ ಗಂಟಾಯಿತು.

"ಬರ್ರಿ ತಿಪ್ಪೇಸ್ವಾಮಿ. ಕುಂದ್ರಿ. ನಿಮ್ಮ ಮ್ಯಾಲೆ ನನಗ ಭಾಳ ಸಿಟ್ಟು ಬಂದೈತಿ."

"ತಪ್ಪಾತು ಭಾವ. ನಿಮ್ಮ ಕೆಲಸ ಏನು ಅಂತ ಊರ ಮುಂದ ಹೇಳಬಾರದಿತ್ತು."

"ಕೆಲಸ ಹೇಳಿದ್ದಕ್ಕಲ್ರಿ! ಇವತ್ತಲ್ಲ ನಾಳಿ ಯಾರಾದ್ರೂ ಹೇಳಬೇಕಿತ್ತು. ಆದ್ರ ಓಡ್ತಿದ್ರು ಅಂದ್ರಲ್ಲ, ಯಾವಾಗ ನೋಡಿದ್ರಿ ನಾ ಓಡಿದ್ದು?"

ನಾನು ನೋಡಿರಲಿಲ್ಲ.

"ವಿಮಾನದ ಹತ್ರ ಓಡಂಗಿಲ್ರಿ. ಓಡಿದವನ್ನ ಅಲ್ಲಿ ಒಂದಿನ ಇಟ್ಕಳಂಗಿಲ್ಲ. ಇಪ್ಪತ್ತು ವರ್ಷದಾಗ ಒಂದ್ ಹೆಜ್ಜಿ ಓಡಿಲ್ಲ ನಾನು. ಈಗ ನೋಡಿದ್ರ ಪ್ಯಾಟಿಯಾಗ ಎಲ್ಲರೂ, 'ಎಷ್ಟು ಜೋರು ಓಡ್ತಿದ್ರಿ ಸಾಹೇಬ್ರ' ಅಂತಾರ. ಮತ್ತ ಅದು ಕಟ್ಟಿಗಿ ಅಲ್ಲ, ರಬ್ಬರು. ಸಿನಿಮಾದವನು ನಗಸಾಕ ಓಡಿಸ್ಯಾನ. ಅವಂದು ಚಲೋ ಐತಿ, ನಾನೂ ಬಾತ್‌ರೂಮಿಗೆ ಹೋಗಿ ನಕ್ಕೀನಿ. ನೀವು ತೂಕದ ಮನುಷ್ಯ. ನಿಮ್ಮ ಬಾಯಾಗ ನೋಡದ ಮಾತು ಬರಬಾರದಿತ್ತು."

ಮಾನ ತೆಗೆದಿರಿ ಎಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಲೆಕ್ಕ ತಪ್ಪಿದಿರಿ ಎಂದದ್ದು ನೇರವಾಗಿ ನಾಟಿತು. ಸೀರೆಯ ವಿಷಯ ಮೆಲ್ಲಗೆ ಎತ್ತಿದೆ. "ಎಲ್ಲಿ ಹೇಳಿದ್ರಿ, ಅಲ್ಲೇ ತಿದ್ರಿ. ಅದ ಮೈಕು, ಅದ ಬಾಗಿಲು. ಆಮ್ಯಾಲೆ ಸೀರಿ" ಎಂದು ಭಾವ ಮತ್ತೆ ಸೋಪಿನ ಕಡೆ ತಿರುಗಿದರು.

ಅದೇ ಮೈಕು, ಅದೇ ಬಾಗಿಲು ಸಿಕ್ಕಿದ್ದು ಗುರುವಾರ. ಆದರೆ ಅಷ್ಟರಲ್ಲಿ ಆ ಥಿಯೇಟರಿಗೆ ಬೇರೆ ಸಿನಿಮಾ ಬಂದಿತ್ತು. ಅದೊಂದು ಪ್ರೇಮಕಥೆ. ಮೈಕಿನ ಯುವತಿಯ ನಿಯಮವೂ ಕಟ್ಟುನಿಟ್ಟು: ಸಿನಿಮಾ ನೋಡಿ ಹೊರಗೆ ಬಂದವರ ಅಭಿಪ್ರಾಯ ಮಾತ್ರ ಬೇಕು, ಹೊರಗೆ ನಿಂತವರದು ಬೇಡ. ಅದು ನನಗೆ ನ್ಯಾಯವಾಗಿಯೇ ಕಂಡಿತು. ಟಿಕೆಟು ತೆಗೆದುಕೊಂಡು ಒಳಗೆ ಹೋಗಿ, ನಾಯಕಿ ಸಾಯುವವರೆಗೆ ಪೂರ್ತಿ ಕೂತು, ಕಣ್ಣೊರೆಸಿಕೊಳ್ಳುತ್ತಿದ್ದ ಜನರ ನಡುವೆ ಹೊರಗೆ ಬಂದೆ. ಮೈಕಿನ ಯುವತಿ ನನ್ನನ್ನು ಗುರುತಿಸಿ ಓಡಿಬಂದಳು.

"ಸಾರ್, ಈ ಸಿನಿಮಾ ಹೆಂಗನಿಸ್ತ್ರಿ?"

"ವಿಮಾನದ ಹತ್ರ ಓಡಬಾರದು," ಎಂದೆ. "ಕಂಪ್ಲಿ ವಿರುಪಣ್ಣ ಇಪ್ಪತ್ತು ವರ್ಷದಾಗ ಒಂದ್ ಹೆಜ್ಜೀನೂ ಓಡಿಲ್ಲ. ಅವ್ರು ನಡೀತಿದ್ರು. ಅಡ್ಡಗಟ್ಟಿ ಕಟ್ಟಿಗೀದಲ್ಲ, ರಬ್ಬರಿಂದು. ನಾನು ಹೇಳಿದ್ದು ತಪ್ಪು."

"ಇದ್ರಾಗ ವಿಮಾನ ಎಲ್ಲೈತ್ರಿ ಸಾರ್?"

"ಇಲ್ಲ. ನಾಯಕ ಸ್ಟೇಷನ್‌ನಾಗ ಓಡಿದ. ರೈಲಿನ ಹತ್ರ ಓಡಾಕ ಏನು ನಿಯಮ ಐತಿ ಅಂತ ನನಗ ಗೊತ್ತಿಲ್ಲ. ಗೊತ್ತಿಲ್ಲದ್ದು ಇನ್ನ ಮ್ಯಾಲೆ ಹೇಳದಿಲ್ಲ."

ಪಕ್ಕದಲ್ಲಿ ಬಿಕ್ಕುತ್ತಿದ್ದ ಹೆಂಗಸೊಬ್ಬಳು ಅಳು ನಿಲ್ಲಿಸಿ ನನ್ನನ್ನು ನೋಡಿದಳು. ಆ ವಿಡಿಯೋ ಸಂಜೆಗೇ ಬಂತು. ಈ ಸಲ ಒಂದಕ್ಷರವೂ ಕತ್ತರಿಸಿರಲಿಲ್ಲ. ಪ್ರೇಮಕಥೆಯಲ್ಲಿ ವಿಮಾನ ಯಾವಾಗ ಬರುತ್ತದೆ ಎಂದು ಅದರ ಕೆಳಗೆ ಬಹಳ ಜನ ಕೇಳಿದ್ದರು. ಭಾವನಿಗೆ ಕಳಿಸಿದೆ. ಉತ್ತರವಾಗಿ ಒಂದು ಹೆಬ್ಬೆರಳು ಬಂತು. ಅದು ಬರುತ್ತೇನೆ ಎಂಬ ಹೆಬ್ಬೆರಳೋ, ನೋಡಿದೆ ಎಂಬ ಹೆಬ್ಬೆರಳೋ ನನಗೂ ಹಂಪಮ್ಮನಿಗೂ ತೀರ್ಮಾನವಾಗಲಿಲ್ಲ. ಆಕೆ ಪಾತ್ರೆಗಳನ್ನು ಅರ್ಧ ಚೀಲಕ್ಕೆ ತುಂಬಿ ಅರ್ಧ ಕಪಾಟಿನಲ್ಲೇ ಬಿಟ್ಟಳು.

ಶುಕ್ರವಾರ ಬೆಳಿಗ್ಗೆ, ಪುರೋಹಿತರು ಗಡಿಯಾರ ನೋಡುವುದಕ್ಕೆ ಶುರುಮಾಡಿದ ಹೊತ್ತಿಗೆ, ಹುಸೇನಿಯ ಲಾರಿ ಬಂದು ನಮ್ಮ ಹೊಸ ಮನೆಯ ಮುಂದೆ ನಿಂತಿತು. ಇಸ್ತ್ರಿ ಮಾಡಿದ ಪ್ಯಾಂಟು ಹಾಕಿದ್ದ ಭಾವ ಸೀರೆಯ ಚೀಲ ಹಿಡಿದು ಇಳಿದರು. ಹಂಪಮ್ಮ ಅಂಗಳದಲ್ಲೇ ಸೆರಗು ಒಡ್ಡಿ ನಿಂತಳು. ಅಣ್ಣ ಉಡಿಗೆ ಸೀರೆ ಹಾಕಿದಾಗ ಅದನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡು, "ಇಷ್ಟ್ಯಾಕ ತಡ ಮಾಡಿದಿ ಅಣ್ಣ" ಎಂದಳು. "ಓಡಿ ಬರಾಕಾಗಲ್ಲ ನೋಡವ್ವ" ಎಂದರು ಭಾವ. ಆಕೆ ಪಕ್ಕದ ಮನೆಗೆ ಹೋಗಿ ಅದನ್ನು ಉಟ್ಟು ಬಂದಳು.

ಮುಂದಿನದನ್ನೂ ಕಂಡ ಹಾಗೆಯೇ ಹೇಳುತ್ತೇನೆ. ಹಂಪಮ್ಮನ ಕೈಯಲ್ಲಿ ತುಂಬಿದ ಕಳಸ, ನನ್ನ ಕೈಯಲ್ಲಿ ದೇವರ ಫೋಟೋ. ಭಾವ ಯಾರನ್ನೂ ಕೇಳದೆ ಹೊಸಿಲ ಒಳಗೆ ಹೋಗಿ, ನಮ್ಮ ಕಡೆ ಮುಖ ಮಾಡಿ ನಿಂತು, ಇಳಿದ ವಿಮಾನವನ್ನು ಕೈಸನ್ನೆಯಿಂದ ನಿಲ್ಲುವ ಜಾಗಕ್ಕೆ ಕರೆಯುವವರಂತೆ ಎರಡೂ ಕೈಗಳನ್ನು ಮೇಲಕ್ಕೆತ್ತಿದರು. ಅಂಗೈಗಳನ್ನು ನಿಧಾನವಾಗಿ ತಮ್ಮ ಕಡೆಗೆ ಎಳೆದುಕೊಂಡರು. ಹಂಪಮ್ಮ ಮುಂದೆ ಸರಿದಳು. ಎಡಗೈ ಸ್ವಲ್ಪ ಬೀಸಿದರು. ಆಕೆ ಸ್ವಲ್ಪ ಬಲಕ್ಕೆ ಬಂದಳು. ನನ್ನ ಯಾವ ಮಾತಿಗೂ ಒಂದೇ ಸಲಕ್ಕೆ ಒಪ್ಪದ ಹೆಂಗಸು, ಕಳಸದ ನೀರು ತುಳುಕದಂತೆ, ಅಣ್ಣನ ಬೆರಳು ಹೇಳಿದಷ್ಟೇ ತಿರುಗಿ, ಬಲಗಾಲಿಟ್ಟು ಹೊಸಿಲು ದಾಟಿ ಒಳಗೆ ಹೋಗಿ ನಿಂತಳು. ಲಾರಿಯಲ್ಲಿ ಬಂದಿದ್ದ ಗಿರಣಿಯವರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ಹಿಂದೆಯೇ ಹೊರಟೆ. ಭಾವ ನನ್ನತ್ತ ಅಂಗೈ ತೋರಿಸಿ ನಿಲ್ಲಿಸಿದರು. ಅಷ್ಟರಲ್ಲಿ ಯಾರೋ ಒಳಗಿನಿಂದ ಕರೆದರು, ಅವರು ತಿರುಗಿ ಹೊರಟುಹೋದರು.

ನಾನು ನಿಂತೆ. ಮಂತ್ರ ಮುಗಿಯಿತು, ಹಾಲು ಉಕ್ಕಿತು, ಒಗ್ಗರಣೆಯ ವಾಸನೆ ಬಂತು, ಮೊದಲ ಪಂಕ್ತಿ ಕೂತಿತು. ಮನೆಯ ಗಾಳಿ ಬೆಳಕಿನ ಬಗ್ಗೆ ಬಂದವರು ಕೊಡುತ್ತಿದ್ದ ಅಭಿಪ್ರಾಯಗಳೆಲ್ಲ ಹೊಸಿಲ ಹೊರಗೆ ನನಗೆ ಸ್ಪಷ್ಟವಾಗಿ ಕೇಳುತ್ತಿದ್ದವು. ಇಪ್ಪತ್ತೆರಡು ನಿಮಿಷವಾದ ಮೇಲೆ, ಪೂಜೆಯ ಕೋಣೆಯಲ್ಲಿ ದೇವರೇ ಇಲ್ಲವೆಂಬುದು ಹಂಪಮ್ಮನಿಗೆ ಗೊತ್ತಾಗಿ, ಹುಡುಕುತ್ತ ಬಾಗಿಲಿಗೆ ಬಂದಳು.

"ಅಯ್ಯ, ದೇವರನ್ನ ಹಿಡ್ಕಂಡು ಹೊರಗ ನಿಂತೀರಲ್ರಿ! ಯಾರದು ಈ ಮನಿ? ಒಳಗ ಬರ್ರಿ."

ಕಟ್ಟಿಸಿದವನು ನಾನೇ, ಕರೆಯುತ್ತಿರುವವಳು ನನ್ನ ಹೆಂಡತಿಯೇ. ಆದರೂ ಒಂದು ಕ್ಷಣ ತಾಳು ಎಂದು ಆಕೆಗೆ ಕಣ್ಣಲ್ಲೇ ಹೇಳಿ, ನಾನು ಕತ್ತು ಚಾಚಿ, ಬಾ ಎಂಬ ಸನ್ನೆಗಾಗಿ, ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದ ಭಾವನ ಕೈಯ ಕಡೆ ನೋಡಿದೆ. ಅದರಲ್ಲಿ ಮಿರ್ಚಿ ಭಜಿ ಇತ್ತು.